ಹೆಗಲಿಗೊಂದು ಚೀಲ, ಎದುರಿಗೆ ಕಾಫಿ ಬೆಟ್ಟ!

ಬೇಸಿಗೆ ಬಂತೆಂದರೆ ಸಾಕು, ನಮ್ಮ ಹೀರೋಗಳಿಗೆ ಹೊರದೇಶದ ಗಾಳಿ ಬೀಸುತ್ತದೆ. ಪಲ್ಲವಿ ಇಟಲಿಯಲ್ಲಿ, ಚರಣ ಗ್ರೀಸಿನಲ್ಲಿ, ನಡುವೆ ಪಿಟೀಲು ಬರುವ ಹೊತ್ತಿಗೆ ಸ್ಪೇನಿನ ಸಮುದ್ರ ದಂಡೆ! 1978ರಲ್ಲಿ ದ್ವಾರಕೀಶ್ ‘ಸಿಂಗಾಪುರದಲ್ಲಿ ರಾಜಾ ಕುಳ್ಳ’ನಿಗಾಗಿ ವಿಷ್ಣುವರ್ಧನ್ ಜತೆ ವಿಮಾನ ಹತ್ತಿದರಲ್ಲ, ಹೊರದೇಶದಲ್ಲಿ ಶೂಟಿಂಗ್ ಆದ ಮೊದಲ ಕನ್ನಡ ಚಿತ್ರ ಅದು. ಅಂದು ಹತ್ತಿದ ಖಯಾಲಿ ಇಂದಿಗೂ ಇಳಿದಿಲ್ಲ.

ಆ ಮೆಡಿಟರೇನಿಯನ್ ದೇಶಗಳಲ್ಲಿ ಬಿಳಿಯ ಹುಡುಗ ಹುಡುಗಿಯರು ತಮಗಿಂತ ದೊಡ್ಡ ಚೀಲ ಬೆನ್ನಿಗೆ ಕಟ್ಟಿಕೊಂಡು, ಹಡಗಿನ ಮೇಲೋ ರೈಲ್ವೆ ಸ್ಟೇಷನ್ನಿನಲ್ಲೋ ಮಲಗೆದ್ದು, ಒಂದು ಬೇಸಿಗೆಯಲ್ಲಿ ನಾಲ್ಕು ದೇಶ ತಿರುಗುತ್ತಾರಂತೆ. ನನಗೂ ಆಸೆ ಇಲ್ಲವೆ? ಇದೆ. ಪಾಸ್‌ಪೋರ್ಟ್ ಇಲ್ಲ. ಜೇಬಿನಲ್ಲಿದ್ದದ್ದು ಎರಡು ಸಾವಿರದ ಮುನ್ನೂರು ರೂಪಾಯಿ. ಜತೆಗೆ ಗಾಂಧಿನಗರದಲ್ಲಿ ಲೈಟ್‌ಬಾಯ್ ಆಗಿರುವ ಒಬ್ಬ ಗೆಳೆಯ. ಅವನ ಪ್ರೊಡ್ಯೂಸರಿಗೆ ಫೈನಾನ್ಸ್ ಕೈಕೊಟ್ಟು ಶೂಟಿಂಗ್ ನಿಂತಿತ್ತು. ನಾಲ್ಕು ದಿನ ಇಬ್ಬರಿಗೂ ಕೆಲಸವಿಲ್ಲ.

‘ಕಳಸಕ್ಕೆ ಹೋಗೋಣ ಕಣೋ. ಭೂತಯ್ಯನ ಮನೆ ಅಲ್ಲೇ ಇರೋದು’ ಅಂದ.

‘ಭೂತಯ್ಯನ ಮಗ ಅಯ್ಯು’ವನ್ನು ಹನ್ನೊಂದು ಸಲ ನೋಡಿದವನು ಅವನು. ಗೊರೂರರ ಕಥೆ, ಸಿದ್ಧಲಿಂಗಯ್ಯನವರ ನಿರ್ದೇಶನ, 1974. ಲೋಕೇಶ್, ವಿಷ್ಣು, ಎಂ. ಪಿ. ಶಂಕರ್, ಆ ಲೋಕನಾಥ್ ಉಪ್ಪಿನಕಾಯಿ! ಇಷ್ಟು ಹೇಳಿದ ಮೇಲೆ ಬೇಡ ಅನ್ನುವವನು ಸಿನಿಮಾ ಅಭಿಮಾನಿಯೇ ಅಲ್ಲ. ಏಪ್ರಿಲ್ ಮೊದಲ ವಾರ ಒಂದು ರಾತ್ರಿ, ಹೆಗಲಿಗೊಂದೊಂದು ಚೀಲ ಏರಿಸಿ ಮೆಜೆಸ್ಟಿಕ್ಕಿನಲ್ಲಿ ಚಿಕ್ಕಮಗಳೂರು ಬಸ್ಸು ಹತ್ತಿದೆವು.

ಚಿಕ್ಕಮಗಳೂರಿನಲ್ಲಿ ಇಳಿದಾಗ ಇನ್ನೂ ಕತ್ತಲು. ಸ್ಟ್ಯಾಂಡಿನ ಹೋಟೆಲಿನಲ್ಲಿ ಕಾಫಿ ಕೊಟ್ಟ ಅಜ್ಜ, ನಾವು ಪತ್ರಿಕೆಯವರು ಅಂತ ಗೊತ್ತಾದದ್ದೇ ತಡ, 1978ರ ನವೆಂಬರಿಗೆ ಹೋಗಿಬಿಟ್ಟರು. ಇಂದಿರಾ ಗಾಂಧಿ ಇಲ್ಲಿ ಉಪಚುನಾವಣೆಗೆ ನಿಂತು ವೀರೇಂದ್ರ ಪಾಟೀಲರನ್ನು ಸೋಲಿಸಿದ ಕಾಲ. ಡಿ. ಬಿ. ಚಂದ್ರೇಗೌಡರು ಬಿಟ್ಟುಕೊಟ್ಟ ಸೀಟು. ‘ಆಗ ಬಂದಷ್ಟು ಕಾರು ಈ ಊರಿಗೆ ಮತ್ತೆ ಬರಲಿಲ್ಲ ಅಂದ್ಕೊಂಡಿದ್ದೆ. ಈಗ ಪ್ರತಿ ಭಾನುವಾರ ಬರ್ತಾವೆ’ ಅಂದರು.

ಅಜ್ಜ ಹೇಳಿದ್ದು ಸುಳ್ಳಲ್ಲ. ಮುಳ್ಳಯ್ಯನಗಿರಿಯ ದಾರಿಯಲ್ಲಿ ಕಾರಿನ ಹಿಂದೆ ಕಾರು, ಹಾರನ್ನಿನ ಮೇಲೆ ಹಾರನ್ನು. 1,930 ಮೀಟರ್, ಕರ್ನಾಟಕದಲ್ಲೇ ಎಲ್ಲಕ್ಕಿಂತ ಎತ್ತರದ ಜಾಗ. ಅಲ್ಲಿ ನಿಂತು ಜನ ನೋಡುವುದು ತಮ್ಮ ಮೊಬೈಲಿನಲ್ಲಿ ತಮ್ಮದೇ ಮುಖ! ನಾವೂ ನೋಡಿಕೊಂಡೆವು ಅನ್ನಿ, ಸುಳ್ಳು ಯಾಕೆ ಹೇಳಲಿ. ಆಚೆಯ ಸಾಲಿನಲ್ಲಿ ಬಾಬಾ ಬುಡನ್‌ಗಿರಿ. ಹದಿನೇಳನೇ ಶತಮಾನದಲ್ಲಿ ಬಾಬಾ ಬುಡನ್ ಯೆಮೆನ್ ದೇಶದ ಮೋಕಾ ಬಂದರಿನಿಂದ ಏಳು ಕಾಫಿ ಬೀಜ ಬಚ್ಚಿಟ್ಟು ತಂದು ಈ ಬೆಟ್ಟದಲ್ಲಿ ಬಿತ್ತಿದರು ಅನ್ನುವುದು ಇಲ್ಲಿನ ಪ್ರತೀತಿ. ಮೊಳೆಯುವ ಬೀಜ ಹೊರಗೆ ಹೋಗದಂತೆ ಅರಬರು ಕಾವಲು ಕಾಯುತ್ತಿದ್ದ ಕಾಲವಂತೆ ಅದು. ಎಂಥ ಕಥೆ ನೋಡಿ! ಯಾವ ಪ್ರೊಡ್ಯೂಸರಿಗೂ ಇನ್ನೂ ಹೊಳೆದಿಲ್ಲವಲ್ಲ.

ಆ ಏಳು ಬೀಜದ ಮೊಮ್ಮಕ್ಕಳು ಈಗ ಮೆಡಿಟರೇನಿಯನ್ ಕಡೆ ಹೋಗುತ್ತವೆ. ಭಾರತದ ಕಾಫಿಯನ್ನು ಕೊಳ್ಳುವ ದೇಶಗಳಲ್ಲಿ ಇಟಲಿ ಮುಂಚೂಣಿಯದು. ಇಲ್ಲಿ ಕೊಯ್ದು, ಕಣದಲ್ಲಿ ಒಣಗಿಸಿ, ಕ್ಯೂರಿಂಗ್ ವರ್ಕ್ಸ್‌ನಲ್ಲಿ ಸಿಪ್ಪೆ ತೆಗೆಸಿದ ಬೀಜ ಮಂಗಳೂರು ಬಂದರಿಗೆ ಇಳಿದು ಹಡಗು ಹತ್ತುತ್ತದೆ. ನನ್ನ ಕೈಲಾಗದ ಪ್ರಯಾಣ ಅದಕ್ಕೆ ಆಗುತ್ತದೆ. ಟಿಕೆಟ್ಟೂ ಇಲ್ಲ, ಪಾಸ್‌ಪೋರ್ಟೂ ಇಲ್ಲ!

ಚಿಕ್ಕಮಗಳೂರಿನಿಂದ ಆಲ್ದೂರು ದಾಟಿ ಮೂಡಿಗೆರೆಗೆ ಹೋಗುವ ರಸ್ತೆ. ನಮ್ಮ ಪುಣ್ಯ, ವಾರದ ಹಿಂದೆ ಹೂಮಳೆ ಬಿದ್ದಿತ್ತು. ಬಸ್ಸಿನ ಕಿಟಕಿಯಿಂದ ಮೊದಲು ಬಂದದ್ದು ವಾಸನೆ. ಮಲ್ಲಿಗೆಯೋ ಅಂದರೆ ಮಲ್ಲಿಗೆಯಲ್ಲ, ಅದಕ್ಕಿಂತ ಸ್ವಲ್ಪ ಹಸಿ. ಆಮೇಲೆ ತಿರುವಿನಲ್ಲಿ ಕಂಡಿತು. ಸಿಲ್ವರ್ ಓಕ್, ಹಾಲುವಾಣ, ಹಲಸಿನ ಮರಗಳ ನೆರಳಲ್ಲಿ ಗಿಡಗಿಡವೂ ಬೆಳ್ಳಗೆ! ರೆಂಬೆ ಕಾಣದ ಹಾಗೆ ಹೂವು. ನನ್ನ ಗೆಳೆಯ ಲೈಟ್‌ಬಾಯ್ ಬುದ್ಧಿ ಬಿಡದೆ, ‘ಇಷ್ಟಕ್ಕೆ ರಿಫ್ಲೆಕ್ಟರೇ ಬೇಡ’ ಅಂದ.

ಪಕ್ಕದಲ್ಲಿ ಕೂತಿದ್ದ ಒಬ್ಬ ಸಣ್ಣ ಬೆಳೆಗಾರರು ನಕ್ಕರು. ಆಮೇಲೆ ಹೇಳಿದ್ದು ನಗುವ ವಿಷಯವಲ್ಲ. ಹೂಮಳೆ ಬಿದ್ದ ಎಂಟು ಹತ್ತು ದಿನಕ್ಕೆ ಹೂವು ಬಿಡುತ್ತದೆ, ಎರಡು ಮೂರು ದಿನ ಇರುತ್ತದೆ, ಉದುರುತ್ತದೆ. ವರ್ಷದ ಬೆಳೆ ಇರುವುದು ಅಷ್ಟರಲ್ಲಿ. ಮಳೆ ತಡವಾದರೆ ಮೊಗ್ಗು ಸುಡುತ್ತದೆ, ಸ್ಪ್ರಿಂಕ್ಲರ್ ಇದ್ದವರು ಬಚಾವ್. ಅರಳಿದ ದಿನವೇ ಮಳೆ ಹೊಡೆದರೂ ಕಾಯಿ ಕಟ್ಟುವುದಿಲ್ಲ. ರೊಬಸ್ಟಾಕ್ಕಂತೂ ಒಂದು ಗಿಡದ ಪರಾಗ ಇನ್ನೊಂದು ಗಿಡಕ್ಕೆ ಹೋಗಲೇಬೇಕು, ಅದಕ್ಕೆ ಜೇನು ಬೇಕು, ಗಾಳಿ ಬೇಕು. ‘ನಿಮಗೆ ಸೀನರಿ, ನಮಗೆ ಎದೆ ಢವಢವ’ ಅಂದರು. ನಾನು ಕಿಟಕಿಯಿಂದ ಕೈ ಒಳಗೆ ತೆಗೆದುಕೊಂಡೆ.

ಮೂಡಿಗೆರೆ ಅಂದರೆ ತೇಜಸ್ವಿ. 2007ರ ಏಪ್ರಿಲ್ 5ರಂದು ತೀರಿಕೊಳ್ಳುವವರೆಗೂ ಇಲ್ಲೇ ‘ನಿರುತ್ತರ’ದಲ್ಲಿದ್ದು ತೋಟ, ಮೀನು, ಹಕ್ಕಿ, ಕ್ಯಾಮೆರಾ ಅಂತ ಬದುಕಿದವರು. ಸಿನಿಮಾ ಮಂದಿಗೆ ಅವರ ಋಣ ಸಣ್ಣದಲ್ಲ. 1973ರಲ್ಲಿ ಎನ್. ಲಕ್ಷ್ಮೀನಾರಾಯಣ್ ‘ಅಬಚೂರಿನ ಪೋಸ್ಟಾಫೀಸು’ ತೆಗೆದರು. ಗಿರೀಶ್ ಕಾಸರವಳ್ಳಿ ‘ತಬರನ ಕಥೆ’ ತೆಗೆದರು, ಅದಕ್ಕೆ ಸ್ವರ್ಣಕಮಲ, ತಬರನಾದ ಚಾರುಹಾಸನ್‌ಗೆ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿ. ಆಮೇಲೆ ‘ಕುಬಿ ಮತ್ತು ಇಯಾಲ’, 2016ರಲ್ಲಿ ಸುಮನಾ ಕಿತ್ತೂರು ನಿರ್ದೇಶನದ ‘ಕಿರಗೂರಿನ ಗಯ್ಯಾಳಿಗಳು’, 2023ರಲ್ಲಿ ಹೊಸ ಹುಡುಗರ ‘ಡೇರ್‌ಡೆವಿಲ್ ಮುಸ್ತಫಾ’. ಮೂಡಿಗೆರೆ ಬಸ್ ಸ್ಟ್ಯಾಂಡಿನಲ್ಲಿ ಅರ್ಧ ಗಂಟೆ ಕೂತು ನೋಡಿ, ಆ ಪಾತ್ರಗಳೆಲ್ಲ ಒಂದೊಂದಾಗಿ ಬಸ್ಸಿಳಿಯುತ್ತವೆ. ನಾನು ಒಬ್ಬ ತಬರನನ್ನು, ಇಬ್ಬರು ಗಯ್ಯಾಳಿಯರನ್ನು ಲೆಕ್ಕ ಹಾಕಿದೆ.

ಕೊಟ್ಟಿಗೆಹಾರದಲ್ಲಿ ನೀರುದೋಸೆ. ಚಾರ್ಮಾಡಿ ಘಾಟಿ ಹತ್ತಿ ಬಂದವರೂ ಇಳಿಯುವವರೂ ಇಲ್ಲಿ ನಿಂತು ತಿನ್ನದೆ ಹೋಗುವುದಿಲ್ಲ. ತೇಜಸ್ವಿ ಪ್ರತಿಷ್ಠಾನವೂ ಈ ಊರಲ್ಲೇ. ಗೆಳೆಯ ಎಂಟು ದೋಸೆ ತಿಂದ. ಬಿಲ್ಲು ನಾನು ಕೊಟ್ಟೆ.

ಎಡವಟ್ಟಾದದ್ದು ಅಲ್ಲಿಂದ ಮುಂದೆ, ಕಳಸದ ದಾರಿಯಲ್ಲಿ.

ಬಾಳೂರು ದಾಟಿದ ಮೇಲೆ ಒಂದು ತಿರುವಿನಲ್ಲಿ ಮತ್ತೆ ಆ ಬಿಳಿ ಹೂವು, ಹಿಂದೆ ನೀಲಿ ಬೆಟ್ಟ. ‘ಒಂದು ಫೋಟೋ ಹೊಡೆದು ಮುಂದಿನ ಬಸ್ಸಿಗೆ ಹೋಗೋಣ’ ಅಂತ ಗೆಳೆಯ ಹಟ ಹಿಡಿದ. ‘ಐದೂವರೆಗೆ ಇನ್ನೊಂದು ಉಂಟು’ ಅಂದ ಕಂಡಕ್ಟರು ನಮ್ಮನ್ನು ಇಳಿಸಿ ಹೋದ. ಐದೂವರೆ ಆಯಿತು. ಆರಾಯಿತು. ಬಸ್ಸಿಲ್ಲ.

ಆ ಸ್ಟಾಪಿನಲ್ಲಿ ನಮ್ಮ ಜತೆ ಇದ್ದವನು ಒಬ್ಬನೇ ಹುಡುಗ. ಡಿಗ್ರಿ ಎರಡನೇ ವರ್ಷ, ಒಂದು ಎಸ್ಟೇಟಿನ ಲೈನ್ ಮನೆಯವನು. ಅವನಿಗೆ ಬೇಕಾದ್ದು ನಾಲ್ಕು ಕಿಲೋಮೀಟರ್ ಆಚೆಯ ಸ್ಟಾಪು. ‘ಸಂಜೆ ಬಸ್ಸು ಬಂದರೆ ಬಂತು ಸರ್, ಇಲ್ಲದಿದ್ರೆ ಇಲ್ಲ. ಮನಸ್ಸು ಬಂದ ದಿನ ಓಡಿಸ್ತಾರೆ’ ಅಂದ.

‘ನಡೆದು ಹೋಗೋಣ, ನಾಲ್ಕು ಕಿಲೋಮೀಟರ್ ತಾನೆ’ ಅಂದೆ ನಾನು. ಬೆನ್ನಿಗೆ ಚೀಲ ಕಟ್ಟಿಕೊಂಡವನ ಠೇಂಕಾರ!

ಅವನು ಮೊಬೈಲ್ ತೋರಿಸಿದ. ಪಕ್ಕದ ತೋಟದಲ್ಲಿ ಕಾಡಾನೆಗಳಿವೆ, ಕತ್ತಲಾದ ಮೇಲೆ ಯಾರೂ ಓಡಾಡಬೇಡಿ ಅನ್ನುವ ಮೆಸೇಜು. ಮೂಡಿಗೆರೆ ಸೀಮೆಯಲ್ಲಿ ಆನೆ ತುಳಿದು ಸತ್ತ ಕೂಲಿಯವರ ಸುದ್ದಿ ನಾನೂ ಓದಿದವನೇ. ಓದುವಾಗ ಅದು ನಾಲ್ಕು ಸಾಲಿನ ಸುದ್ದಿ. ಆ ತಿರುವಿನಲ್ಲಿ, ಹೂವಿನ ವಾಸನೆಯ ನಡುವೆ, ಆರೂಕಾಲಿಗೆ ನನ್ನ ಅಂಗಿ ಬೆನ್ನಿಗಂಟಿತ್ತು. ಆ ವಾಸನೆ ಆಮೇಲೆ ಚೆನ್ನಾಗಿ ಅನ್ನಿಸಲೇ ಇಲ್ಲ.

ಕೊನೆಗೆ ಗೊಬ್ಬರದ ಮೂಟೆ ತುಂಬಿದ ಒಂದು ಪಿಕಪ್ ಬಂತು. ಹುಡುಗ ಕೈ ಅಡ್ಡ ಹಾಕಿದ, ಹಿಂದೆ ಹತ್ತಿದೆವು. ಅವನ ಸ್ಟಾಪಿನಲ್ಲಿ ಇಳಿದಾಗ ಅವನಮ್ಮ ಟಾರ್ಚ್ ಹಿಡಿದು ರಸ್ತೆಗೇ ಬಂದಿದ್ದರು. ಮಗನಿಗೆ ಎರಡು ಮಾತು ಬೈದು, ನಮ್ಮನ್ನು ನೋಡಿ, ‘ಈ ಹೊತ್ತಲ್ಲಿ ಕಳಸಕ್ಕೆ ಎಂಥದ್ರಲ್ಲಿ ಹೋಗ್ತೀರಿ? ಬನ್ನಿ ಮನೆಗೆ’ ಅಂದರು.

ಲೈನ್ ಮನೆಯೆಂದರೆ ಒಂದೇ ಉದ್ದನೆಯ ಸೂರು, ಸಾಲಾಗಿ ಬಾಗಿಲು. ಒಂದೊಂದು ಸಂಸಾರಕ್ಕೆ ಒಂದು ಕೋಣೆ, ಒಂದು ಅಡುಗೆ ಜಾಗ. ಮೊದಲು ಬಯಲುಸೀಮೆಯವರೂ ತಮಿಳಿನವರೂ ತುಂಬಿದ್ದ ಸಾಲಿನಲ್ಲಿ ಈಗ ಅಸ್ಸಾಮಿನ ಸಂಸಾರಗಳೂ ಇವೆ, ಪಕ್ಕದ ಬಾಗಿಲಿನಿಂದ ಅವರ ಭಾಷೆಯ ಹಾಡು ಕೇಳುತ್ತಿತ್ತು. ಆಯಮ್ಮ ಅಕ್ಕಿರೊಟ್ಟಿ ತಟ್ಟಿಕೊಟ್ಟರು. ಬೆಲ್ಲ ಹಾಕಿದ ಕರಿ ಕಾಫಿ ಕೊಟ್ಟರು. ತೋಟದ ಕಾಫಿಯಲ್ಲ ಸ್ವಾಮಿ, ಸಂತೆಯಿಂದ ತಂದ ಪುಡಿ, ಚಿಕೋರಿ ಬೆರೆತದ್ದು. ತೋಟದ್ದು ಇಟಲಿಗೆ ಹೋಗುತ್ತದಲ್ಲ!

ರಾತ್ರಿ ಹುಡುಗ ಹೇಳಿದ. ಪರೀಕ್ಷೆಗೆ ಕೂರಲು ನೂರಕ್ಕೆ ಎಪ್ಪತ್ತೈದು ಹಾಜರಾತಿ ಬೇಕು, ಅವನದು ಎಪ್ಪತ್ತೊಂದಕ್ಕೆ ನಿಂತಿದೆ. ಸಂಜೆ ಬಸ್ಸು ಸಿಗುವುದಿಲ್ಲ ಅಂತ ಮಧ್ಯಾಹ್ನದ ಬಸ್ಸಿಗೇ ಬಂದುಬಿಡುತ್ತಾನೆ. ಮಧ್ಯಾಹ್ನದ ಕ್ಲಾಸೆಲ್ಲ ಹೋಗುತ್ತದೆ. ಆ ದಿನ ಟೆಸ್ಟ್ ಇತ್ತು, ಕಾದ.

ನಾನು ಏನೂ ಹೇಳಲಿಲ್ಲ. ನಾನೂ ಪಿಯುಸಿ ಬಿಟ್ಟದ್ದು ಹಾಜರಾತಿ ಸಾಲದೆಯೇ. ನನ್ನ ಕಾಲೇಜಿನ ಎದುರಿಗೇ ಬಸ್ ಸ್ಟಾಪಿತ್ತು, ಹತ್ತು ನಿಮಿಷಕ್ಕೊಂದು ಬಸ್ಸು. ನಾನು ಅದನ್ನು ಹತ್ತಿ ಮ್ಯಾಟಿನಿಗೆ ಹೋಗುತ್ತಿದ್ದೆ.

ಹತ್ತೂವರೆ ಸುಮಾರಿಗೆ ಎಲ್ಲೋ ಮರ ಮುರಿದ ಸದ್ದು. ಲೈನಿನ ರೇಡಿಯೋ, ಹಾಡು, ಮಾತು ಎಲ್ಲ ಒಟ್ಟಿಗೇ ನಿಂತವು. ‘ಬೈನೆ ಮರ’ ಅಂದರು ಆಯಮ್ಮ ಮೆತ್ತಗೆ. ಆನೆಗೆ ಬೈನೆಯೆಂದರೆ ಪ್ರಾಣವಂತೆ. ಮತ್ತೊಂದು ಸಲ ಸದ್ದಾಯಿತು, ಸ್ವಲ್ಪ ದೂರದಲ್ಲಿ. ಹನ್ನೊಂದು ಸಲ ಭೂತಯ್ಯನನ್ನು ನೋಡಿದ ನನ್ನ ಗೆಳೆಯ ನನ್ನ ಕೈ ಹಿಡಿದುಕೊಂಡೇ ಮಲಗಿದ.

ಬೆಳಿಗ್ಗೆ ಏಳಕ್ಕೆ ಹುಡುಗ ಆ ಕಡೆಯ ಬಸ್ಸು ಹತ್ತಿದ. ನಮ್ಮದು ಬರುವವರೆಗೆ ಆಯಮ್ಮ ನಿಂತಿದ್ದರು. ಕೆಲಸಕ್ಕೆ ಹೊತ್ತಾಗುತ್ತಿತ್ತು, ಮೇಸ್ತ್ರಿ ಕೂಗುತ್ತಿದ್ದ.

‘ನೀವು ಪೇಪರಿನೋರಲ್ವಾ? ಸಂಜೆ ಬಸ್ಸಿನ ವಿಷ್ಯ ಒಂಚೂರು ಬರೀರಿ’ ಅಂದರು.

‘ನಮ್ಮದು ಸಿನಿಮಾ ಪೇಪರಮ್ಮ’ ಅಂದೆ.

‘ಅದನ್ನೇ ಅಲ್ವಾ ಬಸ್ ಸ್ಟ್ಯಾಂಡಲ್ಲಿ ಮಾರೋದು? ಡ್ರೈವರು ಕಂಡಕ್ಟರೆಲ್ಲ ಅದನ್ನೇ ಓದ್ತಾರೆ. ಅದ್ರಲ್ಲೇ ಬರೀರಿ.’

ಬರೆದಿದ್ದೇನೆ. ಬಾಳೂರು ದಾಟಿದ ಮೇಲಿನ ಐದೂವರೆಯ ಬಸ್ಸು. ಓಡಿಸುವವರು ಇದನ್ನು ಓದುತ್ತಿದ್ದರೆ ಆ ಟ್ರಿಪ್ಪು ತಪ್ಪಿಸಬೇಡಿ ಅಣ್ಣ.

ಕಳಸ ತಣ್ಣಗಿನ ಊರು. ಮೆಟ್ಟಿಲು ಹತ್ತಿದರೆ ಕಳಸೇಶ್ವರ, ಊರಂಚಿಗೆ ಭದ್ರಾ. ಅಂಬಾತೀರ್ಥದ ಹೊಳೆಯಲ್ಲಿ ಮಧ್ವಾಚಾರ್ಯರು ಒಂದೇ ಕೈಯಲ್ಲಿ ತಂದಿಟ್ಟರು ಅನ್ನುವ ಬಂಡೆ. ಎಂಟು ಕಿಲೋಮೀಟರ್ ಆಚೆ ಹೊರನಾಡಿನಲ್ಲಿ ಅನ್ನಪೂರ್ಣೇಶ್ವರಿಯ ಊಟ. ಜೇಬು ಸೊರಗಿದ್ದ ನಮಗೆ ಆ ಪಂಕ್ತಿ ಎಷ್ಟು ರುಚಿಸಿತು ಅಂತ ಬೇರೆ ಹೇಳಬೇಕೆ? ಕುದುರೆಮುಖದ ಕಡೆಗೂ ಹೋಗಬೇಕೆಂದಿತ್ತು. 2005ರ ಡಿಸೆಂಬರ್ 31ಕ್ಕೆ ಗಣಿ ನಿಂತು ಖಾಲಿ ಬಿದ್ದ ಟೌನ್‌ಶಿಪ್ ಅದು. ಹೋಗಲಾಗಲಿಲ್ಲ.

ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಒಬ್ಬರು ಮಾಜಿ ಕಂಡಕ್ಟರು ಸಿಕ್ಕರು. ‘ಸಹಕಾರ ಸಾರಿಗೆ’ಯಲ್ಲಿ ಟಿಕೆಟ್ ಹರಿದವರು. ಗೊತ್ತಲ್ಲ? ಕೊಪ್ಪದಲ್ಲಿ ಹಳೇ ಬಸ್ ಕಂಪನಿ ಮುಚ್ಚಿದಾಗ ಅದರ ಡ್ರೈವರು, ಕಂಡಕ್ಟರು, ಮೆಕ್ಯಾನಿಕ್ಕುಗಳೇ ಸಂಘ ಕಟ್ಟಿಕೊಂಡು 1991ರಲ್ಲಿ ತಾವೇ ಬಸ್ಸು ಓಡಿಸಿದರು. ಓಡಿಸುವವನೇ ಮಾಲೀಕ! ಮಲೆನಾಡಿನ ಮೂಲೆಮೂಲೆಗೆ ಹೋಗುತ್ತಿದ್ದ ಬಸ್ಸು, ವಿದ್ಯಾರ್ಥಿಗಳಿಗೆ ರಿಯಾಯಿತಿ. ನಷ್ಟ ತಡೆಯಲಾರದೆ 2020ರಲ್ಲಿ ನಿಂತಿತು. ‘ನಮ್ಮ ಬಸ್ಸು ಇದ್ದಿದ್ರೆ ನೀವು ಅಲ್ಲಿ ಕಾಯ್ತಿರ್ಲಿಲ್ಲ ಮಾರಾಯ್ರೆ. ಆನೆ ಬಂದ್ರೂ ನಿಲ್ಲಿಸಿ ಹತ್ತಿಸ್ತಿದ್ದೆವು’ ಅಂದರು. ಸ್ವಲ್ಪ ಉಪ್ಪುಕಾರ ಇರಬಹುದು. ಆದರೆ ಹೇಳುವಾಗ ಕೈ ತಾನಾಗಿ ಅಂಗಿಯ ಜೇಬು ಮುಟ್ಟಿಕೊಂಡಿತು, ಅಲ್ಲಿ ವಿಷಲ್ ಇರುತ್ತಿತ್ತೇನೋ.

ಗೆಳೆಯನಿಗೆ ತಡೆಯಲಾಗಲಿಲ್ಲ. ‘ಭೂತಯ್ಯನ ಮನೆ ಎಲ್ಲಿ ಸರ್?’

‘ಯಾವ ಭೂತಯ್ಯ?’

‘ಅದೇ, ಸಿನಿಮಾದ್ದು. ಶೂಟಿಂಗ್ ಇಲ್ಲೇ ಆದದ್ದಲ್ವಾ?’

ಅವರು ನಕ್ಕು ನಕ್ಕು ಕೆಮ್ಮಿದರು. ‘ಅದು ಕಳಸಾಪುರ ಮಾರಾಯ! ಇದು ಕಳಸ. ಅದು ಚಿಕ್ಕಮಗಳೂರಿನ ಹತ್ರ, ಬಯಲುಸೀಮೆ ಕಡೆ. ಈ ಮಳೆ ಊರಲ್ಲಿ ಭೂತಯ್ಯನ ಕಣಜ ಯಾರು ಕಟ್ತಾರೆ?’

ಬಂದ ದಾರಿಯಲ್ಲೇ ವಾಪಸು. ಹೂವೆಲ್ಲ ಕಂದು ಬಣ್ಣಕ್ಕೆ ತಿರುಗಿತ್ತು. ಆ ಬೆಳೆಗಾರರ ಎದೆ ಢವಢವ ಏನಾಯಿತೋ. ಲೈನ್ ಮನೆಯ ಸ್ಟಾಪಿನಲ್ಲಿ ಯಾರೂ ಇರಲಿಲ್ಲ. ಮಧ್ಯಾಹ್ನ ಎರಡು ಗಂಟೆ, ಹುಡುಗ ಕ್ಲಾಸಿನಲ್ಲಿದ್ದಿರಬೇಕು.

ಚಿಕ್ಕಮಗಳೂರಿಗೆ ಬಂದಾಗ ಸಂಜೆ. ಕೈಯಲ್ಲಿ ಉಳಿದದ್ದು ಬೆಂಗಳೂರಿನ ಚಾರ್ಜು, ಮೇಲೆ ನೂರ ಹತ್ತು ರೂಪಾಯಿ. ಗೆಳೆಯ ವಿಚಾರಣೆ ಕಿಟಕಿಗೆ ಓಡಿ ಕಳಸಾಪುರದ ಬಸ್ಸು ಕೇಳಿಬಂದ.

‘ಈಗ ಹತ್ತು ನಿಮಿಷ ಮುಂಚೆ ಹೋಯ್ತಂತೆ ಕಣೋ’ ಅಂದ.