ಸೋಮವಾರದ ಒಪ್ಪೊತ್ತು

ಮೊನ್ನೆ ವೈದ್ಯರು ನನ್ನ ರಕ್ತಪರೀಕ್ಷೆಯ ಚೀಟಿ ನೋಡಿ, "ರಾತ್ರಿ ಅನ್ನ ಬಿಡಿ, ಚಪಾತಿಯನ್ನೋ ರಾಗಿಮುದ್ದೆಯನ್ನೋ ತಿನ್ನಿ" ಎಂದು ಅಪ್ಪಣೆ ಮಾಡಿದರು. ನನಗೆ ನಗು ಬಂತು. ಸುಮಾರು 60 ವರ್ಷಗಳ ಹಿಂದೆ ನಮ್ಮ ಅಮ್ಮನೂ ಇದೇ ಮಾತು ಹೇಳಿದ್ದಳು. ಕಾರಣ ಮಾತ್ರ ಬೇರೆ.

1965ರಲ್ಲಿ ನನಗೆ ಎಂಟು ವರ್ಷ. ಬೆಂಗಳೂರಿನ ಒಂದು ವಠಾರದಲ್ಲಿ ವಾಸ, ಅಪ್ಪ ಗುಮಾಸ್ತರು. "ಊಟವಾಯಿತೇ?" ಎಂದರೆ ಅನ್ನ ಉಂಡಿರಾ ಎಂದೇ ನಮ್ಮಲ್ಲಿ ಅರ್ಥ. ಗೋಧಿಯ ಪರಿಚಯ ಹಬ್ಬದ ಹೋಳಿಗೆಯಷ್ಟಕ್ಕೇ. ಆ ವರ್ಷ ಮಳೆ ಕೈಕೊಟ್ಟಿತು. ಮರುವರ್ಷವೂ ಅದೇ ಕಥೆ. 1966ರಲ್ಲಿ ದೇಶವು ತರಿಸಿಕೊಂಡ ಧಾನ್ಯ ಸುಮಾರು 1 ಕೋಟಿ ಟನ್ನು. ಅದರಲ್ಲಿ ಬಹುಪಾಲು ಅಮೆರಿಕದ್ದು. ಆ ಗೋಧಿ ಹಡಗಿನಿಂದಿಳಿದು, ನ್ಯಾಯಬೆಲೆ ಅಂಗಡಿಯನ್ನು ಹಾದು, ನಮ್ಮ ಚೀಲಕ್ಕೂ ಬಿತ್ತು.

ಗೋಧಿ ಬಂತು, ಅದನ್ನು ಬೇಯಿಸುವ ವಿದ್ಯೆ ಜೊತೆಗೆ ಬರಲಿಲ್ಲ. ಅಮ್ಮನ ಮೊದಲ ಚಪಾತಿಗಳನ್ನು ಹರಿಯಲು ಎರಡು ಕೈಯೂ ಬೇಕಾಗಿದ್ದವು. ಪಕ್ಕದ ಮನೆಯ ಧಾರವಾಡದಾಕೆ ಬಂದು, "ಹಿಟ್ಟು ಛಲೋ ನಾದ್ರಿ, ವೈನಿ" ಎಂದು ಕೈಹಿಡಿದು ಕಲಿಸಿದರು. ರಾಗಿಯೂ ಒಳಬಂತು, ಆದರೆ ಕಳ್ಳನ ಹಾಗೆ. ಮುದ್ದೆ ತಿರುವುವಾಗ ಅಮ್ಮ ಬಾಗಿಲು ಹಾಕಿಕೊಳ್ಳುತ್ತಿದ್ದಳು. "ನೆಂಟರ ಮುಂದೆ ಬಾಯಿ ಬಿಡಬೇಡ" ಎಂಬ ಎಚ್ಚರಿಕೆ ಬೇರೆ.

ಆಗಲೇ ಪ್ರಧಾನಿ ಲಾಲ್ ಬಹಾದುರ್ ಶಾಸ್ತ್ರಿಗಳು ವಾರಕ್ಕೊಂದು ಹೊತ್ತಿನ ಊಟ ಬಿಡಿರೆಂದು ಜನರನ್ನು ಬೇಡಿಕೊಂಡದ್ದು. ಸೋಮವಾರ ರಾತ್ರಿ ಎಷ್ಟೋ ಹೋಟೆಲುಗಳು ಬಾಗಿಲು ಹಾಕಿದವು. ನಮ್ಮ ಮನೆಯಲ್ಲಿ ಮಕ್ಕಳಿಗೆ ವಿನಾಯಿತಿ. ಅಪ್ಪ ಅಮ್ಮನಿಗೆ ಒಪ್ಪೊತ್ತು. 1966ರ ಜನವರಿಯಲ್ಲಿ ಶಾಸ್ತ್ರಿಗಳು ತೀರಿಕೊಂಡರು. ಕ್ರಮೇಣ ಅಪ್ಪನ ಸೋಮವಾರ ನಿಂತಿತು. ಅಮ್ಮನದು ನಿಲ್ಲಲಿಲ್ಲ, ಅದರ ಜೊತೆಗೆ ಗುರುವಾರ ಸೇರಿತು, ತಿಂಗಳ ಕೊನೆಗೆ ಶನಿವಾರವೂ ಸೇರಿತು. ಕೇಳಿದರೆ, "ಈಶ್ವರನ ವಾರ", "ರಾಯರ ವಾರ", "ವೆಂಕಟರಮಣನ ವಾರ" ಎನ್ನುವಳು. ಅಕ್ಕಿಯ ಡಬ್ಬ ಬರಿದಾಗುತ್ತ ಬಂದಂತೆಲ್ಲ ಅಮ್ಮನ ಭಕ್ತಿ ಏಕೆ ಹೆಚ್ಚುತ್ತಿತ್ತೆಂಬುದು ನನಗೆ ಹೊಳೆದದ್ದು, ನಾನೇ ಸಂಬಳ ತಂದು ಮನೆ ನಡೆಸತೊಡಗಿದ ಮೇಲೆ.

ಕಾಲ ತಟ್ಟೆಗಳನ್ನು ಅದಲುಬದಲು ಮಾಡಿತು. 2023ನ್ನು ವಿಶ್ವಸಂಸ್ಥೆಯೇ ಸಿರಿಧಾನ್ಯಗಳ ವರ್ಷವೆಂದು ಸಾರಿತು. ಬಾಗಿಲು ಹಾಕಿ ತಿಂದ ಮುದ್ದೆಯನ್ನು ಈಗ ದೊಡ್ಡ ಹೋಟೆಲುಗಳಲ್ಲಿ ದೀಪದ ಬೆಳಕಿನಲ್ಲಿ ಬಡಿಸುತ್ತಾರೆ. ಅಂದು ಬೇರೆ ಗತಿಯಿಲ್ಲದೆ ಕಲಿತ ಚಪಾತಿ ಇಂದು ನನ್ನ ಮೊಮ್ಮಕ್ಕಳ ಪ್ರೀತಿಯ ತಿಂಡಿ. ನಮ್ಮ ಮನೆಯಲ್ಲಂತೂ ಮೊದಲು ಬಂದದ್ದು ಕೊರತೆ. ರುಚಿ ಅದರ ಹಿಂದೆ ಮೆಲ್ಲಗೆ ಬಂತು.

ವೈದ್ಯರ ಮಾತನ್ನು ಪಾಲಿಸುತ್ತಿದ್ದೇನೆ. ನಿನ್ನೆ ರಾತ್ರಿ ನನ್ನಾಕೆ, "ಇನ್ನೊಂದು ಹಾಕಲೇ?" ಎಂದಳು. "ನಿನಗೆ ಉಳಿದಿದೆಯೇ?" ಎಂದು ಕೇಳಿದೆ. ಅವಳು ಆಶ್ಚರ್ಯದಿಂದ ನನ್ನ ಮುಖ ನೋಡಿದಳು. ಅಮ್ಮನನ್ನು ನಾವು ಯಾರೂ ಆ ಮಾತು ಕೇಳಿರಲಿಲ್ಲ.