ಚಕ್ಕಣದ ತಟ್ಟೆ

'ಚಕ್ಕಣ' ಎಂಬ ಮಾತನ್ನು ನೀವು ಕೇಳಿರಲಾರಿರಿ. ಕೇಳಿದರೂ ಚಕ್ಕುಲಿಯ ತಂಗಿಯೋ, ಚಕ್ಕೆ ಲವಂಗದ ನೆಂಟನೋ ಇರಬೇಕೆಂದುಕೊಂಡೀರಿ. ಹಳಗನ್ನಡ ನಿಘಂಟನ್ನು ತೆಗೆದು ನೋಡಿದರೆ ಗುಟ್ಟು ಬಯಲಾಗುತ್ತದೆ. ಮದ್ಯದ ಜೊತೆಗೆ ನಂಚಿಕೊಂಡು ತಿನ್ನುವ ಪದಾರ್ಥವೇ ಚಕ್ಕಣ. ಹಿಂದಿಯವರು ಇಂದಿಗೂ 'ಚಖನಾ' ಎನ್ನುತ್ತಾರೆ. 10ನೆಯ ಶತಮಾನದ ನಮ್ಮ ಪಂಪ 'ವಿಕ್ರಮಾರ್ಜುನ ವಿಜಯ'ದಲ್ಲಿ ಒಂದು ಪಾನಗೋಷ್ಠಿಯನ್ನೇ ವರ್ಣಿಸಿದ್ದಾನೆ. ಕನ್ನಡ ಮೇಷ್ಟರು ಆ ಭಾಗ ಬಂದಾಗ ಕೆಮ್ಮಿ ಪುಟ ಮಗುಚುವುದುಂಟು. ನಾನೂ ಕನ್ನಡ ಮೇಡಂ. ಪುಟ ಮಗುಚುವ ಕಷ್ಟ ನನಗೂ ಗೊತ್ತು. ಆದರೆ ಮನೆಗೇ ಬಂದ ಪಾನಗೋಷ್ಠಿಯನ್ನು ಪುಟದಂತೆ ಮಗುಚಿ ಹಾಕಲಾಗುವುದಿಲ್ಲವಲ್ಲ!

ಬೆಂಗಳೂರಿನಲ್ಲಿರುವ ಮಗಳು ಫೋನ್ ಮಾಡಿದಳು. "ಅಮ್ಮಾ, ಶನಿವಾರ ನಮ್ಮನೇಲಿ ಒಂದು ಚಿಕ್ಕ ಕಾಕ್‌ಟೈಲ್ ಪಾರ್ಟಿ. ಹನ್ನೆರಡೇ ಜನ. ಸ್ಟಾರ್ಟರ್ಸ್ ಹೊರಗಿಂದ ತರಿಸಿದ್ರೆ ಬರೀ ಎಣ್ಣೆ ಜಿಡ್ಡು. ನೀನೇ ಒಂದಿನ ಮುಂಚೆ ಬಂದು ಮಾಡಿಕೊಡಮ್ಮಾ."

ಹಬ್ಬಕ್ಕೆ ಕಜ್ಜಾಯ ಮಾಡಿಕೊಡು ಎಂದು ಕೇಳುವ ದನಿಯಲ್ಲೇ ಕೇಳಿದಳು. "ನೋಡೋಣ" ಎಂದು ಫೋನ್ ಇಟ್ಟೆ.

ನನ್ನ ಸಂಕೋಚ ಮಡಿ ಮೈಲಿಗೆಯದಲ್ಲ. 28 ವರ್ಷ ಸರ್ಕಾರಿ ಶಾಲೆಯಲ್ಲಿ ಪಾಠ ಹೇಳಿದವಳು ನಾನು. ಹಿಂದಿನ ರಾತ್ರಿ ಮನೆಯಲ್ಲಿ ಏನಾಗಿದೆಯೆಂದು ಹಾಜರಿ ಕರೆಯುವಾಗಲೇ ಮಕ್ಕಳ ಮುಖ ಹೇಳಿಬಿಡುತ್ತದೆ. ಸಾರಾಯಿ ಪ್ಯಾಕೆಟ್ಟು ಗೂಡಂಗಡಿ ಪಕ್ಕದಲ್ಲೇ ಸಿಗುತ್ತಿದ್ದ ಕಾಲವದು. 2007ರ ಜುಲೈನಲ್ಲಿ ರಾಜ್ಯದಲ್ಲಿ ಸಾರಾಯಿ ನಿಷೇಧವಾದಾಗ, ಇನ್ನು ಈ ಮುಖಗಳು ಅರಳುತ್ತವೆ ಎಂದು ನಾವು ಸಹೋದ್ಯೋಗಿಗಳೆಲ್ಲ ಸಂಭ್ರಮಪಟ್ಟಿದ್ದೆವು. ಪ್ಯಾಕೆಟ್ಟು ಹೋಯಿತು, ಬಾಟಲಿ ಉಳಿಯಿತು. ಒಮ್ಮೆ ಏಳನೇ ತರಗತಿಗೆ 'ನನಗೆ ಇಷ್ಟವಾದ ದಿನ' ಎಂದು ಪ್ರಬಂಧ ಕೊಟ್ಟಿದ್ದೆ. ಎಲ್ಲರೂ ಭಾನುವಾರ, ದೀಪಾವಳಿ ಎಂದು ಬರೆದರೆ ಒಬ್ಬ ಹುಡುಗಿ ಮಾತ್ರ ಸೋಮವಾರ ಎಂದು ಬರೆದಿದ್ದಳು. "ಅವತ್ತು ಶಾಲೆ ಇರುತ್ತದೆ. ಅಪ್ಪನ ಹತ್ತಿರ ದುಡ್ಡು ಇರುವುದಿಲ್ಲ." ಕಾಗುಣಿತದ ತಪ್ಪು ಒಂದೂ ಇರಲಿಲ್ಲ. ಆ ಪುಟಕ್ಕೆ ಎಷ್ಟು ಅಂಕ ಹಾಕಬೇಕೆಂದು ತಿಳಿಯದೆ ಕೆಂಪು ಪೆನ್ನು ಹಿಡಿದು ಕುಳಿತಿದ್ದೆ.

ಕೇರಿಯಲ್ಲಿ ಕುಡಿದರೆ ಕುಡಿತ, ಒಂಬತ್ತನೇ ಮಹಡಿಯಲ್ಲಿ ಕುಡಿದರೆ ಕಾಕ್‌ಟೈಲ್. ಅಷ್ಟೇ ತಾನೇ ವ್ಯತ್ಯಾಸ? ಅದಕ್ಕೆ ನಾನು ಹೋಗಿ ಬಾಣಲೆ ಇಡಬೇಕೇ?

ನಮ್ಮ ಯಜಮಾನರು ಪೇಪರಿನಿಂದ ತಲೆ ಎತ್ತದೆ ಹೇಳಿದರು: "ನೀನು ಹೋಗದಿದ್ರೆ ಅವರು ಕುಡಿಯೋದು ಬಿಡ್ತಾರೇನು? ಖಾಲಿ ಹೊಟ್ಟೇಲಿ ಕುಡೀತಾರೆ, ಅಷ್ಟೆ."

ಈ ಮಾತು ನನಗೆ ನಾಟಿತು. ಶಾಲೆಯ ವಿಜ್ಞಾನದ ಮೇಷ್ಟರನ್ನೂ ಕೇಳಿದೆ. ಮದ್ಯ ರಕ್ತಕ್ಕೆ ಸೇರುವುದು ಹೆಚ್ಚಾಗಿ ಸಣ್ಣ ಕರುಳಿನಲ್ಲಂತೆ. ಹೊಟ್ಟೆಯಲ್ಲಿ ಅನ್ನವೋ ಕಾಳೋ ಇದ್ದರೆ ಅದು ಕರುಳಿಗೆ ಇಳಿಯುವುದು ನಿಧಾನ, ತಲೆಗೇರುವುದೂ ನಿಧಾನ. ಖಾಲಿ ಹೊಟ್ಟೆಯಾದರೆ ತಡೆಯುವವರೇ ಇಲ್ಲ. ಒಮ್ಮೆ ರಕ್ತಕ್ಕೆ ಸೇರಿದ ಮೇಲೆ ಮಾತ್ರ ನಾವು ಮಾಡುವಂಥದ್ದು ಏನೂ ಉಳಿಯುವುದಿಲ್ಲ. ಪಿತ್ತಜನಕಾಂಗ ತನ್ನ ಪಾಡಿಗೆ ತಾನು, ತನ್ನ ವೇಗದಲ್ಲೇ ಅದನ್ನು ಕರಗಿಸಬೇಕು. ಗಟ್ಟಿ ಕಾಫಿ ಕುಡಿಸಿದರೆ ಇಳಿಯುತ್ತದೆ ಎನ್ನುವುದು ಬರೀ ಭ್ರಮೆ. ಕುಡಿದವನ ನಿದ್ದೆ ಹಾರಿಹೋಗುತ್ತದೆ, ಅಮಲು ಹಾಗೇ ಇರುತ್ತದೆ. ಹಾಗಾದರೆ ಚಕ್ಕಣ ಮಾಡುವವಳ ಕೈಯಲ್ಲಿ ಒಂದು ಸಣ್ಣ ಲಗಾಮು ಇದ್ದೇ ಇದೆ ಎಂದಾಯಿತು. ಶುಕ್ರವಾರ ಸಂಜೆಯ ರೈಲಿಗೆ ಹೊರಟೆ.

ಕಾಕ್‌ಟೈಲ್ ಎಂದರೆ ಏನೆಂದು ಅಳಿಯಂದಿರು ವಿವರಿಸಿದರು. 1806ರಲ್ಲೇ ಅಮೆರಿಕದ ಒಂದು ಪತ್ರಿಕೆ ಅದಕ್ಕೆ ಅರ್ಥ ಬರೆದಿತ್ತಂತೆ: ಯಾವುದಾದರೂ ಮದ್ಯ, ಸಕ್ಕರೆ, ನೀರು ಮತ್ತು ಬೇರು ನಾರುಗಳ ಕಹಿ ಕಷಾಯ. "ಸಿಹಿ ಕಹಿ ಎರಡೂ ಇದ್ದ ಮೇಲೆ ನಮ್ಮ ಯುಗಾದಿಯ ಬೇವು ಬೆಲ್ಲದ ಹಾಗೇ ಆಯಿತಲ್ಲ" ಎಂದೆ. "ಬೇವು ಬೆಲ್ಲ ವರ್ಷಕ್ಕೆ ಒಂದು ಸಲ ಅತ್ತೆ" ಎಂದು ಅವರೇ ನಕ್ಕರು.

ನಂಚಿಕೊಳ್ಳುವ ತಿಂಡಿಯಲ್ಲಿ ಒಂದು ಮೋಸವಿದೆ, ಗಮನಿಸಿ. ಬಾರಿನವರು ಉಪ್ಪು ಖಾರದ ಕಡಲೆಯನ್ನೇ ಏಕೆ ಮುಂದಿಡುತ್ತಾರೆ? ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂಬ ಗಾದೆ ಅವರಿಗೂ ಗೊತ್ತು. ಬಾಯಾರಿದರೆ ಇನ್ನೊಂದು ಲೋಟ. ಆದ್ದರಿಂದ ನನ್ನ ಪಟ್ಟಿಯಲ್ಲಿ ಬಾಯಿಗೆ ಎರಡು, ಹೊಟ್ಟೆಗೆ ಮೂರು ಎಂದು ಮೊದಲೇ ಲೆಕ್ಕ ಹಾಕಿದೆ.

ಬಾಯಿಗೆ ಮೊದಲನೆಯದು ಕಾಂಗ್ರೆಸ್ ಕಡಲೆಕಾಯಿ. 1969ರಲ್ಲಿ ಕಾಂಗ್ರೆಸ್ ಪಕ್ಷ ಇಬ್ಭಾಗವಾದಾಗ, ಎರಡು ಹೋಳಾದ ಈ ಬೀಜಕ್ಕೆ ಬೆಂಗಳೂರಿನವರು ಆ ಹೆಸರಿಟ್ಟರು ಎಂದು ಹೇಳುತ್ತಾರೆ. ಅರ್ಧ ಕಿಲೋ ಬೀಜವನ್ನು ಸಣ್ಣ ಉರಿಯಲ್ಲಿ ಹುರಿದು, ಸಿಪ್ಪೆ ಉಜ್ಜಿ, ಕೇರಿ, ಹೋಳು ಮಾಡಿಕೊಳ್ಳಬೇಕು. 2 ಚಮಚ ತುಪ್ಪದಲ್ಲಿ ಕರಿಬೇವು ಗರಿಗರಿಯಾದ ಮೇಲೆ ಒಲೆ ಆರಿಸಿ ಇಂಗು, ಅರಿಶಿನ, ಮೆಣಸಿನ ಪುಡಿ, ಉಪ್ಪು ಹಾಕಿ ಬೀಜ ಕಲಸಬೇಕು. ಒಲೆ ಆರಿಸದೆ ಪುಡಿ ಹಾಕಿದರೆ ಸೀದು ಕಹಿಯಾಗುತ್ತದೆ. ಎರಡನೆಯದು ನಿಪ್ಪಟ್ಟು. 2 ಲೋಟ ಅಕ್ಕಿಹಿಟ್ಟು, ಅರ್ಧ ಲೋಟ ಮೈದಾ, ಅರ್ಧ ಲೋಟ ಹುರಿಗಡಲೆ ಪುಡಿ, ತರಿಯಾಗಿ ಕುಟ್ಟಿದ ಅರ್ಧ ಲೋಟ ಕಡಲೆಕಾಯಿ ಬೀಜ, ಎಳ್ಳು, ಕರಿಬೇವು, ಖಾರದ ಪುಡಿ, ಇವಕ್ಕೆ 4 ಚಮಚ ಬಿಸಿ ಎಣ್ಣೆ ಸುರಿದು ಕಲಸುವುದು. ಎರಡಕ್ಕೂ ಮಾಮೂಲಿನ ಅರ್ಧದಷ್ಟೇ ಉಪ್ಪು ಹಾಕಿದೆ.

ಹೊಟ್ಟೆಗೆ ಮೊದಲನೆಯದು ಮದ್ದೂರು ವಡೆ. ಅದು ಆರಿದ ಮೇಲೂ ರುಚಿ ಕೆಡದ ತಿಂಡಿ. ಹುಟ್ಟಿದ್ದೇ ರೈಲಿನವರಿಗಾಗಿ, 1917ರ ಸುಮಾರಿಗೆ ಮದ್ದೂರು ನಿಲ್ದಾಣದಲ್ಲಿ ರಾಮಚಂದ್ರ ಬುಧ್ಯ ಎಂಬುವರು ಮೊದಲು ಮಾಡಿ ಮಾರಿದರೆಂದು ಪ್ರತೀತಿ. ರೈಲು ಹತ್ತುವವರಿಗೆ ಬಿಸಿ ಬೇಕೆಂದು ಕಾಯಲು ಪುರುಸೊತ್ತೆಲ್ಲಿ? ಪಾರ್ಟಿಯವರಿಗೂ ಅಷ್ಟೆ. 1 ಲೋಟ ಚಿರೋಟಿ ರವೆ, ಅರ್ಧ ಲೋಟ ಅಕ್ಕಿಹಿಟ್ಟು, ಕಾಲು ಲೋಟ ಮೈದಾ, ಎಳೆಎಳೆಯಾಗಿ ಹೆಚ್ಚಿದ 2 ದೊಡ್ಡ ಈರುಳ್ಳಿ. ಈರುಳ್ಳಿಯನ್ನು ಉಪ್ಪಿನೊಂದಿಗೆ ಕಿವುಚಿದರೆ ಬಿಡುವ ನೀರೇ ಹಿಟ್ಟಿಗೆ ಬಹುಪಾಲು ಸಾಕು. ಹನ್ನೆರಡು ಜನಕ್ಕೆ ಇದರ ಎರಡರಷ್ಟು ಕಲಸಿದೆ. ಎರಡನೆಯದು ಹೆಸರುಬೇಳೆ ಕೋಸಂಬರಿ. ಬಡಿಸುವಾಗ ಮಾತ್ರ ಉಪ್ಪು ಹಾಕಬೇಕು, ಇಲ್ಲವಾದರೆ ಸೌತೆಕಾಯಿ ನೀರು ಬಿಟ್ಟು ಪಾಯಸವಾಗುತ್ತದೆ. ಮೂರನೆಯದು ಕಡಲೆಕಾಳಿನ ಉಸಲಿ. "ಅಮ್ಮಾ, ಇದು ನವರಾತ್ರಿ ಗೊಂಬೆಗೆ ಮಾಡೋದಲ್ವಾ?" ಎಂದಳು ಮಗಳು. ಗೊಂಬೆಗಳು ಕುಡಿಯುವುದಿಲ್ಲ, ಕುಡಿಯುವವರಿಗೇ ಇದು ಹೆಚ್ಚು ಬೇಕು ಎಂದೆ.

ಏಳು ಗಂಟೆಗೆ ಜನ ಬಂದರು. ಲೋಟಗಳು ಹೊರಗೆ ಬರುವ ಮೊದಲೇ ತಟ್ಟೆಗಳು ಹೋಗಿರಬೇಕು ಎಂಬುದು ನನ್ನ ಷರತ್ತಾಗಿತ್ತು. ಅಳಿಯಂದಿರು ತಾವೇ ಟ್ರೇ ಹಿಡಿದು ಓಡಾಡಿದರು. "ಅತ್ತೆ, ನೀವೂ ಬಂದು ಕೂತ್ಕೊಳ್ಳಿ" ಎಂದು ಸೋಫಾದಲ್ಲಿ ಜಾಗ ಮಾಡಿದರು. ನಮ್ಮ ಕಾಲದ ಪಾರ್ಟಿ ನೆನಪಾಯಿತು. ಯಜಮಾನರ ಆಫೀಸಿನವರಿಗೆ ಪ್ರಮೋಷನ್ ಆದರೆ ಗಂಡಸರೆಲ್ಲ ತಾರಸಿಯ ಮೇಲೆ, ನಾವು ಹೆಂಗಸರು ಕೆಳಗೆ ಬಜ್ಜಿ ಕರಿಯುತ್ತ. ಮೇಲಿನಿಂದ "ಇನ್ನೊಂದು ಪ್ಲೇಟು" ಎಂಬ ಕೂಗು. ಮೇಲೆ ಏನು ನಡೆಯುತ್ತಿದೆಯೆಂದು ಗೊತ್ತಿದ್ದೂ ಗೊತ್ತಿಲ್ಲದವರಂತೆ ಹಿಟ್ಟು ಕಲಸುತ್ತಿದ್ದೆವು. ರಾತ್ರಿ ಹನ್ನೊಂದಕ್ಕೆ ತಣ್ಣನೆ ಸಾರನ್ನ ಉಂಡು, ತೂರಾಡುವ ಸ್ಕೂಟರಿನ ಹಿಂದೆ ಕೂಸನ್ನು ಅವುಚಿಕೊಂಡು ಕೂರುತ್ತಿದ್ದವರೂ ನಾವೇ. ಇಲ್ಲಿ ಬಾಗಿಲೂ ಇಲ್ಲ, ತಾರಸಿಯೂ ಇಲ್ಲ. ಇದು ಮೆಚ್ಚಬೇಕಾದ್ದೇ.

ಮೆಚ್ಚುತ್ತಿರುವಾಗಲೇ ಮಗಳ ಕೈಯಲ್ಲೂ ಒಂದು ಲೋಟ ಕಂಡಿತು. ಕೆಂಪು ವೈನು. ಅವಳೂ ನನ್ನನ್ನು ನೋಡಿದಳು. ಲೋಟವನ್ನು ಬಚ್ಚಿಡಲಿಲ್ಲ, ನಗಲೂ ಇಲ್ಲ. ನನ್ನ ಎದೆಯಲ್ಲಿ ಏನೋ ಕಳಕ್ಕೆಂದಿತು. ಅಳಿಯನ ಕೈಯಲ್ಲಿ ಕಂಡಾಗ ಆಗದ್ದು ಮಗಳ ಕೈಯಲ್ಲಿ ಕಂಡಾಗ ಏಕಾಗಬೇಕು? ಈ ಪ್ರಶ್ನೆಯನ್ನು ನನ್ನನ್ನೇ ಕೇಳಿಕೊಂಡೆ. ಕೇಳಿಕೊಂಡಷ್ಟೂ ಉತ್ತರ ಗಂಟಲಲ್ಲೇ ಉಳಿಯಿತು. ಎದ್ದು ಹೋಗಿ ಒಂದು ಬಟ್ಟಲು ಉಸಲಿ ತಂದು ಅವಳ ಕೈಗಿಟ್ಟೆ. "ಬೆಳಗ್ಗೆಯಿಂದ ಸರಿಯಾಗಿ ತಿಂದಿಲ್ಲ ನೀನು. ಮೊದಲು ಇದನ್ನು ತಿನ್ನು" ಎಂದೆ. ಲೋಟ ಕೆಳಗಿಟ್ಟು, ಚಿಕ್ಕವಳಿದ್ದಾಗ ಪರೀಕ್ಷೆಗೆ ಮುಂಚೆ ತಿನ್ನುತ್ತಿದ್ದಂತೆಯೇ, ಒಂದೂ ಕಾಳು ಬಿಡದೆ ತಿಂದಳು.

ಇನ್ನೊಂದು ಸಂಗತಿ. ಬಂದವರಲ್ಲಿ ಇಬ್ಬರ ಡ್ರೈವರುಗಳು ಕೆಳಗೆ ಕಾರಿನಲ್ಲೇ ಕುಳಿತಿದ್ದರು. ಅವರಿಗೂ ತಟ್ಟೆ ಕಳಿಸಿದೆ. ಆ ರಾತ್ರಿ ಅಷ್ಟೂ ಜನರ ಪ್ರಾಣ ಇದ್ದದ್ದು ಒಂದು ಹನಿಯೂ ಮುಟ್ಟದ ಅವರ ಕೈಯಲ್ಲಿ. ಡ್ರೈವರಿಲ್ಲದವರನ್ನು ಅಳಿಯಂದಿರು ಬಾಡಿಗೆ ಕಾರಿನಲ್ಲಿ ಕಳಿಸಿದರು. ನಮ್ಮ ಕಾನೂನಿನಲ್ಲಿ 100 ಮಿಲಿಲೀಟರು ರಕ್ತಕ್ಕೆ 30 ಮಿಲಿಗ್ರಾಮು ಮೀರಿದರೆ ಅಪರಾಧ. ಅದನ್ನು ಮೀರಲು ಬಹಳ ಲೋಟವೇನೂ ಬೇಕಿಲ್ಲ.

ಒಂಬತ್ತಕ್ಕೆ ಸರಿಯಾಗಿ ಬಿಸಿಬೇಳೆಬಾತು, ಮೊಸರನ್ನ ಮೇಜಿನ ಮೇಲಿಟ್ಟೆ. ಊಟ ಬಂದ ಮೇಲೆ ಬಾಟಲಿಯ ಕಡೆ ತಿರುಗಿದವರು ಒಬ್ಬರೋ ಇಬ್ಬರೋ.

ಸೋಮವಾರವನ್ನು ಇಷ್ಟಪಟ್ಟ ಆ ಹುಡುಗಿಯ ಮನೆಗೆ ನನ್ನ ಕೋಸಂಬರಿಯಿಂದ ಏನೂ ಆಗದು, ನನಗೆ ಗೊತ್ತು. ದುಡಿದದ್ದೆಲ್ಲ ಅಂಗಡಿಗೆ ಸುರಿಯುವ ಮನೆಯಲ್ಲಿ ಬಾಣಲೆಗೆ ಎಣ್ಣೆಯೇ ಇರುವುದಿಲ್ಲ. ಕುಡಿಯುವುದನ್ನು ಒಳ್ಳೆಯದೆಂದು ನಾನು ಇಂದಿಗೂ ಒಪ್ಪಿಲ್ಲ. ಮಗಳಿಗೂ ಮರುದಿನ ಅದನ್ನೇ ಹೇಳಿದೆ, ಅವಳು ಕೇಳಿಸಿಕೊಂಡಳು. ಆದರೆ ನಿಮ್ಮ ಮನೆಗೂ ಇಂಥ ಸಂಜೆ ಬಂದರೆ ಅಡುಗೆಮನೆಯ ಬಾಗಿಲು ಹಾಕಿಕೊಂಡು ಬಜ್ಜಿ ಕರಿಯುತ್ತ ನಿಲ್ಲಬೇಡಿ. ತಟ್ಟೆ ಮೊದಲು, ಲೋಟ ಆಮೇಲೆ. ಊಟ ಹೊತ್ತಿಗೆ ಸರಿಯಾಗಿ. ಕುಡಿದವರು ಯಾರೂ ಗಾಡಿ ಮುಟ್ಟಬಾರದು. ಇಷ್ಟನ್ನು ಮೊದಲೇ ಹೇಳಿ ಒಪ್ಪಿಸಿಕೊಂಡು ಆಮೇಲೆ ಒಲೆ ಹಚ್ಚಿ. ಇಷ್ಟು ಕೇಳುವ ಹಕ್ಕು ಬಾಣಲೆಯ ಮುಂದೆ ನಿಂತವಳಿಗೆ ಇದ್ದೇ ಇದೆ.