ಜಗಲಿಯ ಕಬ್ಬಿಣದ ಬಾಗಿಲು

ಬೆಂಗಳೂರಿನ ಹಸಿರು ಮಾರ್ಗದ ಮೆಟ್ರೊ ರೈಲು ಕೆ.ಆರ್. ಮಾರುಕಟ್ಟೆಯ ಸುರಂಗ ದಾಟಿ ನ್ಯಾಷನಲ್ ಕಾಲೇಜಿನ ಹತ್ತಿರ ಬೆಳಕಿಗೆ ಬರುತ್ತದೆ. ಅಲ್ಲಿಂದ ಲಾಲ್‌ಬಾಗ್, ಸೌತ್ ಎಂಡ್ ವೃತ್ತ, ಜಯನಗರ, ಬನಶಂಕರಿಯವರೆಗೆ ಪ್ರಯಾಣಿಕರಿಗೆ ಕಿಟಕಿಯಾಚೆ ಕಾಣುವುದು ಮನೆಗಳ ಮಹಡಿಗಳು. ತುಳಸಿಯ ಕುಂಡ, ಒಣಗಲು ಹಾಕಿದ ಸೀರೆ, ಮಕ್ಕಳ ಹಳೆಯ ಸೈಕಲ್ಲು, ಉಯ್ಯಾಲೆ ಎಲ್ಲವೂ ಕಾಣುತ್ತವೆ. ಆದರೆ ಬಹುಮಟ್ಟಿಗೆ ಎಲ್ಲವೂ ಕಬ್ಬಿಣದ ಸರಳುಗಳ ಹಿಂದೆ.

ಜಯನಗರಕ್ಕೆ ಅಡಿಗಲ್ಲು ಬಿದ್ದದ್ದು 1948ರಲ್ಲಿ. ಆಗಿನ ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿ ಅದನ್ನು ನೆರವೇರಿಸಿದರು. ಪಕ್ಕದ ಬಸವನಗುಡಿ ಅದಕ್ಕೂ ಅರ್ಧ ಶತಮಾನ ಹಿರಿಯದು. ಅಲ್ಲಿ ಉಳಿದಿರುವ ಹಳೆಯ ಮನೆಗಳಲ್ಲಿ ಕಿಟಕಿಯ ಮೇಲೆ ಮರದ ಪಟ್ಟಿಗಳ ಮೊನಚು ಟೋಪಿ, ಅಂದರೆ ‘ಮಂಕಿ ಟಾಪ್’, ಮತ್ತು ಜಗಲಿಗೆ ಮರದ ಜಾಲರಿ ಕಾಣಸಿಗುತ್ತವೆ. ಜಯನಗರದ ಹಳೆಯ ಮನೆಗಳಲ್ಲಿ ಮರದ ಸ್ಥಾನಕ್ಕೆ ಕಬ್ಬಿಣ ಬಂದಿತು. ಉದಯಿಸುವ ಸೂರ್ಯನ ಕಿರಣ, ಅರಳಿದ ತಾವರೆ, ಜೋಡಿ ಹಂಸ, ವೀಣೆ: ಒಂದೊಂದು ಬೀದಿಯನ್ನೂ ಈ ಚಿತ್ರಗಳಿಂದಲೇ ಗುರುತಿಸಬಹುದಿತ್ತು. ಈಗ ಜೆ.ಪಿ. ನಗರ, ಬಿ.ಟಿ.ಎಂ. ಬಡಾವಣೆಗಳ ಹೊಸ ಮನೆಗಳಲ್ಲಿ ಲೇಸರ್ ಯಂತ್ರ ಕತ್ತರಿಸಿದ ತಗಡಿನ ಎಲೆ, ಬಳ್ಳಿಗಳ ಕಾಲ.

ತೆರೆದ ಜಗಲಿಗೆ ಜಾಲರಿ ಹಾಕಿಸುವ ಆಸೆ ಹೊಸತೇನಲ್ಲ. ಬೇಲೂರಿನ ಚೆನ್ನಕೇಶವ ದೇಗುಲವನ್ನು ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠಾಪಿಸಿದಾಗ ನವರಂಗ ಸುತ್ತಲೂ ತೆರೆದೇ ಇತ್ತು. ಕಂಬಗಳ ನಡುವಿನ ಕಲ್ಲಿನ ಜಾಲಂದ್ರಗಳು ಬಂದದ್ದು ಅವನ ಮೊಮ್ಮಗ ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ. ಗಾಳಿ ಬೆಳಕು ಬರಬೇಕು, ಒಳಗಿಗೆ ಮರೆಯೂ ಬೇಕು, ನೋಡಲು ಚೆಂದವೂ ಇರಬೇಕು. ಜಯನಗರದ ಗೃಹಸ್ಥನ ಬೇಡಿಕೆಯೂ ಇದೇ. ಅವನದು ಇನ್ನೊಂದು ಹೆಚ್ಚಿಗೆ: ಕಳ್ಳ ಬರಬಾರದು.

ಬನಶಂಕರಿ ಎರಡನೆಯ ಹಂತದ ಒಂದು ವೆಲ್ಡಿಂಗ್ ಅಂಗಡಿ. ನಿವೃತ್ತ ದಂಪತಿ ಜಗಲಿಗೆ ಬಾಗಿಲು ಮಾಡಿಸಲು ಬಂದಿದ್ದಾರೆ. ಮಗ ಹೊರದೇಶದಲ್ಲಿ, ‘ಮೊದಲು ಗ್ರಿಲ್ ಹಾಕಿಸಿ’ ಎಂದು ವಾರವಾರವೂ ಫೋನಿನಲ್ಲಿ ಅವನ ಒತ್ತಾಯ.

“ರೀ, ಈ ಹಂಸದ್ದೇ ಇರಲಿ. ನಮ್ಮ ಹಳೇ ಮನೇಲೂ ಇದೇ ಇತ್ತು” ಎಂದರು ಆಕೆ.

“ಚೆಂದ ಆಮೇಲೆ. ಏನಪ್ಪಾ, ಗಟ್ಟಿ ಯಾವುದು ಹೇಳು” ಎಂದರು ಯಜಮಾನರು.

ವೆಲ್ಡರ್ ನಕ್ಕ. “ಸಾರ್, ಕಿಲೋ ಲೆಕ್ಕದಲ್ಲಿ ಮಾಡಿಸ್ತೀರೋ, ಚದರಡಿ ಲೆಕ್ಕದಲ್ಲೋ?”

ಪ್ರಶ್ನೆ ಸಣ್ಣದಲ್ಲ. ತೂಕದ ಲೆಕ್ಕವಾದರೆ ಬೇಡದ ಕಡೆಯೂ ದಪ್ಪ ಕಬ್ಬಿಣ ಸೇರಬಹುದು. ಚದರಡಿ ಲೆಕ್ಕವಾದರೆ ಬೇಕಾದ ಕಡೆಯೂ ತೆಳ್ಳಗಾಗಬಹುದು. 12 ಮಿಲಿಮೀಟರ್ ಚೌಕದ ಗಟ್ಟಿ ಸರಳು ಮೀಟರಿಗೆ ಸುಮಾರು 1.13 ಕಿಲೋ ತೂಗುತ್ತದೆ. ಮೂರೂವರೆ ಅಡಿ ಅಗಲ, ಏಳು ಅಡಿ ಎತ್ತರದ ಬಾಗಿಲಿಗೆ ಇಂಥ ಹತ್ತು ಸರಳು ಬಿದ್ದರೆ ಅವೇ 24 ಕಿಲೋ. ಚೌಕಟ್ಟು, ಹಂಸಗಳೆಲ್ಲ ಸೇರಿ 40 ಕಿಲೋ ಮುಟ್ಟುವುದು ಕಷ್ಟವೇನಲ್ಲ. ಅಷ್ಟು ಭಾರವನ್ನು ಹೊರುವುದು ಕೀಲುಗಳು. ಬಾಗಿಲು ಅಗಲವಾದಷ್ಟೂ ಮೇಲಿನ ಕೀಲನ್ನು ಗೋಡೆಯಿಂದ ಕೀಳುವ ಎಳೆತ ಹೆಚ್ಚು. ಆದ್ದರಿಂದ ಮೂರು ಕೀಲು ಇರಲಿ. ಅಗಲ ಜಾಸ್ತಿಯಿದ್ದರೆ ಎರಡು ಕದ ಮಾಡಿಸುವುದು ಲೇಸು. ಕಳ್ಳನಾದವನು ನಡು ಸರಳನ್ನು ಕೊಯ್ಯುತ್ತ ಕೂರುವುದಕ್ಕಿಂತ ಚೌಕಟ್ಟು ಗೋಡೆಗೆ ಕೂಡುವ ಜಾಗ, ಹೊರಗಿನಿಂದ ಬಿಚ್ಚಬಹುದಾದ ಸ್ಕ್ರೂ, ಅರೆಬರೆ ಬೆಸುಗೆ, ಇವುಗಳತ್ತ ಕಣ್ಣು ಹಾಕುತ್ತಾನೆ. ಮೊದಲು ನೋಡಬೇಕಾದದ್ದು ಆ ಜಾಗಗಳನ್ನೇ.

ಇನ್ನು ತುಕ್ಕಿನ ವಿಚಾರ. ಕಬ್ಬಿಣ, ನೀರು, ಆಮ್ಲಜನಕ ಮೂರೂ ಸೇರಿದಲ್ಲಿ ತುಕ್ಕು ಹುಟ್ಟುತ್ತದೆ. ದಿನವೂ ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡುವ ಮನೆಯಲ್ಲಿ ಬಾಗಿಲಿನ ಕೆಳಪಟ್ಟಿಯೇ ಮೊದಲು ಕೊರೆದುಹೋಗುವುದು ಅದಕ್ಕಾಗಿ. ನೆಲದಿಂದ ಅರ್ಧ ಅಂಗುಲ ಎತ್ತರ ಬಿಡಿಸಬೇಕು. ಟೊಳ್ಳು ಕೊಳವೆಯಾದರೆ ಒಳಗೆ ಸೇರಿದ ನೀರು ಇಳಿಯಲು ಅಡಿಯಲ್ಲಿ ಸಣ್ಣ ತೂತು ಬೇಕು. ಬೆಸುಗೆಯ ಕಿಟ್ಟವನ್ನು ಉಜ್ಜಿ ತೆಗೆದ ಮೇಲೆಯೇ ರೆಡ್ ಆಕ್ಸೈಡ್ ಬಳಿಯಬೇಕು. ಕಿಟ್ಟದ ಮೇಲೆ ಬಳಿದ ಬಣ್ಣ ಬೇಗ ಏಳುತ್ತದೆ.

ಬಣ್ಣದ ಗೋಜೇ ಬೇಡವೆನ್ನುವವರು ಸ್ಟೇನ್‌ಲೆಸ್ ಸ್ಟೀಲ್ ಆರಿಸುತ್ತಾರೆ. ಅದರಲ್ಲಿ 304 ಎಂಬ ದರ್ಜೆಯಲ್ಲಿ ಸುಮಾರು ನೂರಕ್ಕೆ 18 ಭಾಗ ಕ್ರೋಮಿಯಂ, 8 ಭಾಗ ನಿಕಲ್ ಇರುತ್ತದೆ. ಕ್ರೋಮಿಯಂ ಗಾಳಿಯೊಡನೆ ಸೇರಿ ಕಣ್ಣಿಗೆ ಕಾಣದ ತೆಳು ಪೊರೆಯಾಗಿ ಒಳಗಿನ ಕಬ್ಬಿಣವನ್ನು ಕಾಯುತ್ತದೆ. ಉಪ್ಪುಗಾಳಿಯ ಮಂಗಳೂರಿಗೆ ಮಾಲಿಬ್ಡಿನಂ ಬೆರೆತ 316 ಮೇಲು; ಬೆಂಗಳೂರಿಗೆ 304 ಸಾಕು. ಅನೇಕರು ಜೇಬಿನಲ್ಲಿ ಅಯಸ್ಕಾಂತ ಇಟ್ಟುಕೊಂಡು ಅಂಗಡಿಗೆ ಹೋಗುತ್ತಾರೆ. ಅಂಟದಿದ್ದರೆ ಒಳ್ಳೆಯ ಮಾಲು ಎಂದು ಅವರ ನಂಬಿಕೆ. ನಿಕಲ್ ತಗ್ಗಿಸಿ ಮ್ಯಾಂಗನೀಸ್ ಸೇರಿಸಿದ, ತುಕ್ಕಿಗೆ ಅಷ್ಟು ತಡೆಯದ 202 ದರ್ಜೆಯೂ ಸಾಮಾನ್ಯವಾಗಿ ಅಂಟುವುದಿಲ್ಲ. ಅಯಸ್ಕಾಂತ ನಂಬುವುದಕ್ಕಿಂತ ಬಿಲ್ಲಿನಲ್ಲಿ ದರ್ಜೆ ಬರೆಸಿಕೊಳ್ಳುವುದು ಜಾಣತನ.

ಚಿತ್ರ ಆರಿಸುವಾಗಲೂ ಲೆಕ್ಕವಿದೆ. ಮಕ್ಕಳಿರುವ ಮನೆಯಲ್ಲಿ ಅಡ್ಡ ಸರಳು ಏಣಿಯಾಗುತ್ತದೆ. ಉದ್ದ ಸರಳೇ ಒಳ್ಳೆಯದು. ನಡುವಿನ ಸಂದು ನಾಲ್ಕು ಅಂಗುಲಕ್ಕಿಂತ ಕಡಿಮೆಯಿದ್ದರೆ ಮಗುವಿನ ತಲೆ ಸಿಕ್ಕಿಕೊಳ್ಳದು. ಚಿಲಕದ ಹತ್ತಿರ ಮಾತ್ರ ಹೂಬಳ್ಳಿಯ ತೂತು ಬೇಡ. ಹೊರಗಿನಿಂದ ಕೈ ಹಾಕಿ ತೆಗೆಯದಂತೆ ಅಲ್ಲೊಂದು ತಗಡು ಕೂರಿಸಬೇಕು.

ಇಷ್ಟೆಲ್ಲ ಆದ ಮೇಲೆ ಉಳಿಯುವುದು, ಅಂಗಡಿಯಲ್ಲಿ ಅಪರೂಪಕ್ಕೆ ಯಾರೋ ಕೇಳುವ ಒಂದು ಪ್ರಶ್ನೆ. ಒಳಗಿದ್ದವರು ಹೊರಗೆ ಬರುವುದು ಹೇಗೆ?

2021ರ ಸೆಪ್ಟೆಂಬರ್ 21ರಂದು ಬನ್ನೇರುಘಟ್ಟ ರಸ್ತೆಯಿಂದ ಒಳಕ್ಕಿರುವ ದೇವರಚಿಕ್ಕನಹಳ್ಳಿಯ ವಸತಿ ಸಮುಚ್ಚಯವೊಂದರಲ್ಲಿ ಬೆಂಕಿ ಬಿದ್ದಿತು. ಜೀವ ಉಳಿಸಿಕೊಳ್ಳಲು ಬಾಲ್ಕನಿಗೆ ಬಂದ ಮಹಿಳೆಗೆ ಅಲ್ಲಿದ್ದ ಗ್ರಿಲ್ ಅಡ್ಡವಾಯಿತು. ಕೆಳಗೆ ನಿಂತವರು ಕೂಗಿಕೊಂಡರೇ ಹೊರತು ಮಾಡುವಂಥದೇನೂ ಇರಲಿಲ್ಲ. ತಾಯಿ ಮಗಳು ಇಬ್ಬರೂ ತೀರಿಕೊಂಡರು. ಕಳ್ಳನನ್ನು ತಡೆಯಲು ಹಾಕಿದ ಕಬ್ಬಿಣಕ್ಕೆ ಒಳಗಿನವರು ಯಾರು, ಹೊರಗಿನವರು ಯಾರು ಎಂಬ ಭೇದ ಗೊತ್ತಿಲ್ಲ.

ಬೆಂಕಿಯಲ್ಲಿ ಉರಿಗಿಂತ ಮೊದಲು ಬರುವುದು ಹೊಗೆ. ಅದರಲ್ಲಿರುವ ಕಾರ್ಬನ್ ಮಾನಾಕ್ಸೈಡ್ ರಕ್ತದ ಹೀಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಮಿಗಿಲಾಗಿ ಅಂಟಿಕೊಳ್ಳುತ್ತದೆ. ತಲೆ ಮಂಕಾಗುತ್ತದೆ, ಕೈ ಸೋಲುತ್ತದೆ. ಆ ಹೊತ್ತಿನಲ್ಲಿ ಅಲಮಾರಿಯ ಯಾವ ಡಬ್ಬಿಯಲ್ಲಿ ಬೀಗದ ಕೈ ಇದೆಯೆಂದು ನೆನಪು ಮಾಡಿಕೊಳ್ಳುವುದು ಯಾರಿಂದ ಆದೀತು?

ಪರಿಹಾರ ದೊಡ್ಡದೇನೂ ಅಲ್ಲ. ಬಾಲ್ಕನಿಯ ಗ್ರಿಲ್ಲಿನಲ್ಲಿ ದೊಡ್ಡವರು ನುಸುಳುವಷ್ಟು, ಎರಡು ಅಡಿಗೆ ಮೂರು ಅಡಿಯ ಕದವೊಂದನ್ನು ಕೀಲು ಹಾಕಿ ಬಿಡಿಸಬಹುದು. ಜಗಲಿಯ ಬಾಗಿಲಿಗೆ ಒಳಗಿನಿಂದ ಬೀಗದ ಕೈ ಇಲ್ಲದೆಯೇ ತೆಗೆಯುವ ಚಿಲಕ ಇರಲಿ. ಬೀಗವೇ ಬೇಕೆಂದರೆ ಅದರ ಕೈ ಹತ್ತಿರದ ಒಂದೇ ಮೊಳೆಗೆ, ಹೊರಗಿನವರ ಕೋಲಿಗೆ ಎಟುಕದಂತೆ, ಮನೆಯ ಚಿಕ್ಕವರಿಗೂ ಗೊತ್ತಿರುವಂತೆ ತೂಗಬೇಕು. ತಿಂಗಳಿಗೊಮ್ಮೆ ಕತ್ತಲಲ್ಲಿ ತೆಗೆದು ನೋಡಬೇಕು. ಕೀಲಿಗೆ ನಾಲ್ಕು ಹನಿ ಎಣ್ಣೆ ಬಿಡುವ ನೆಪವೂ ಆಗುತ್ತದೆ.

ಬನಶಂಕರಿಯ ಅಂಗಡಿಯಲ್ಲಿ ವೆಲ್ಡರ್ ಅಳತೆ ಬರೆದುಕೊಂಡು ತಲೆಯೆತ್ತಿದ. “ಅಮ್ಮಾವ್ರೇ, ಬೀಗ ಒಳಗಡೆ ಹಾಕೋದು ಯಾರು?”

“ನಾನೇ. ಇವರಿಗೆ ರಾತ್ರಿ ಕಣ್ಣು ಸರಿಯಾಗಿ ಕಾಣೋದಿಲ್ಲ.”

“ಹಾಗಾದ್ರೆ ಬೀಗ ಬೇಡ. ಒಳಗಿಂದ ಕೈಲಿ ತಿರುಗಿಸೋ ಚಿಲಕ ಕೂರಿಸ್ತೀನಿ, ಹಿಂದೆ ತಗಡು ಹೊಡೀತೀನಿ. ಸಾರ್ ತಡವಿಕೊಂಡೇ ತೆಗೀಬಹುದು.”

ಯಜಮಾನರು ಎದುರಿಗಿದ್ದ ಮಾದರಿ ಬಾಗಿಲ ಬಳಿ ಹೋಗಿ ಕಣ್ಣು ಮುಚ್ಚಿ ಚಿಲಕಕ್ಕಾಗಿ ತಡಕಿದರು. ಮೊದಲ ಸಲ ಸಿಗಲಿಲ್ಲ. ಎರಡನೆಯ ಸಲ ಸಿಕ್ಕಿತು, ಬಾಗಿಲು ತೆರೆಯಿತು.

“ಇನ್ನೂ ಒಂದು ಗೇಣು ಕೆಳಗಿರಲಿ” ಎಂದರು. ಹಂಸಗಳ ಮಾತು ಅಲ್ಲಿಗೆ ಇತ್ಯರ್ಥವಾದಂತೆ, ಆಕೆ ಮುಂಗಡ ಕೊಡಲು ಪರ್ಸು ತೆಗೆದರು.